ಮಕ್ಕಳಲ್ಲಿ, ಹರೆಯದವರಲ್ಲಿ ಕೊಡುವ ರೂಢಿ ಬೆಳೆಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಶಾಲೆಯಿಂದ ಕವರ್ ತಂದಿದ್ದಳು. ಯಾವುದೋ ನಿಧಿಗೆ ಚಂದಾ. ಎಷ್ಟು ಹಾಕಬೇಕು ಎಂಬುದು ಕವರಿನ ಮೇಲೆಯೇ ಅಚ್ಚಾಗಿತ್ತು, ಕೊನೆಯ ತಾರೀಖೂ ಇತ್ತು. ನಾನು ದುಡ್ಡು ತುಂಬಿ, ಅಂಟಿಸಿ, ಬ್ಯಾಗಿಗೆ ತುರುಕಿದೆ. ಸಂಜೆ ಬಂದಾಗ "ದುಡ್ಡು ಯಾರಿಗೆ ಕೊಟ್ಟೆ?" ಅಂತ ಕೇಳಿದೆ. "ಮಿಸ್‌ಗೆ" ಅಂದಳು.

ಅವಳ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ದುಡ್ಡು ನನ್ನದು, ತೀರ್ಮಾನ ಶಾಲೆಯದ್ದು. ಅವಳ ಪಾಲಿಗೆ ಬಂದದ್ದು ಅಂಚೆಯವನ ಕೆಲಸ ಮಾತ್ರ. ಅದನ್ನು ಅವಳು ಸರಿಯಾಗಿಯೇ ಮಾಡಿದ್ದಳು.

"ಈಗಿನ ಮಕ್ಕಳಿಗೆ ಕೊಡೋ ಬುದ್ಧಿಯೇ ಇಲ್ಲ" ಎಂದು ಗೊಣಗುವ ಮೊದಲು ಇದನ್ನು ಯೋಚಿಸಬೇಕು. ನಾವು ಅವರ ಕೈಲಿ ಕವರ್ ಕೊಟ್ಟಿದ್ದೇವೆ, ತೀರ್ಮಾನ ಕೊಟ್ಟಿಲ್ಲ. ಕೆಳಗಿನ ಹೆಜ್ಜೆಗಳೆಲ್ಲ ಆ ಒಂದು ವಿಷಯದ ಸುತ್ತಲೇ ಇವೆ. ನೀವು ಅಪ್ಪ ಅಮ್ಮನೇ ಆಗಿರಬೇಕಿಲ್ಲ. ಅಜ್ಜ, ಅತ್ತೆ, ಮಾವ, ಟೀಚರ್ ಯಾರಾದರೂ ಸರಿ.

ಹೆಜ್ಜೆ 1: ನೀವು ಕೊಡುವುದು ಅವರ ಕಣ್ಣಿಗೆ ಬೀಳಲಿ

ಬಲಗೈಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಊರಿಗೆಲ್ಲ ಡಂಗುರ ಹೊಡೆಯುವವರಿಗೆ ಅದು ಒಳ್ಳೇ ಮಾತು. ಆದರೆ ಮನೆಯ ಮಕ್ಕಳು ಎಡಗೈ ಅಲ್ಲ. ಅವರಿಂದಲೂ ಮುಚ್ಚಿಟ್ಟರೆ ಅವರು ಕಲಿಯುವುದು ಎಲ್ಲಿಂದ?

ಮೊದಲೆಲ್ಲ ಕೊಡುವುದು ಕಾಣುತ್ತಿತ್ತು. ಬಾಗಿಲಿಗೆ ಯಾರೋ ಬರುತ್ತಿದ್ದರು, ಒಳಗಿಂದ ಏನೋ ಹೋಗುತ್ತಿತ್ತು. ಈಗ ಫೋನ್ ಮೇಲೆ ಎರಡು ಸಲ ಬೆರಳು ಒತ್ತಿದರೆ ಮುಗೀತು. ಪಕ್ಕದಲ್ಲಿ ಕೂತ ಮಗುವಿಗೆ ನೀವು ದೇಣಿಗೆ ಕೊಟ್ಟಿರೋ, ಚಪ್ಪಲಿ ಆರ್ಡರ್ ಮಾಡಿದಿರೋ ಗೊತ್ತಾಗುವುದಿಲ್ಲ.

1970ರಲ್ಲಿ ಜೇಮ್ಸ್ ಬ್ರಯಾನ್ ಮತ್ತು ನ್ಯಾನ್ಸಿ ವಾಲ್‌ಬೆಕ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಮಕ್ಕಳ ಎದುರು ಒಬ್ಬರು ಆಟ ಆಡಿ ಬಹುಮಾನ ಗೆಲ್ಲುತ್ತಾರೆ. ಕೆಲವರು ಅದರಲ್ಲಿ ಒಂದು ಪಾಲನ್ನು ದೇಣಿಗೆಯಾಗಿ ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಜೊತೆಗೆ ಕೆಲವರು "ಕೊಡಬೇಕು" ಎಂದು ಹೇಳುತ್ತಾರೆ, ಕೆಲವರು "ಯಾಕೆ ಕೊಡಬೇಕು" ಎನ್ನುತ್ತಾರೆ. ಆಮೇಲೆ ಮಕ್ಕಳ ಸರದಿ. ಮಕ್ಕಳು ಮಾಡಿದ್ದು ದೊಡ್ಡವರು ಮಾಡಿದ್ದನ್ನ, ದೊಡ್ಡವರು ಹೇಳಿದ್ದನ್ನಲ್ಲ.

ಹಾಗಂತ ಬಾಯಿ ಮುಚ್ಚಿಕೊಂಡು ಕೊಟ್ಟರೆ ಸಾಕು ಎಂದಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇಣಿಗೆಯ ಬಗ್ಗೆ ಮನೆಯಲ್ಲಿ ಮಾತುಕತೆ ನಡೆಯುವ ಮಕ್ಕಳು ಕೊಡುವ ಸಾಧ್ಯತೆ ಉಳಿದವರಿಗಿಂತ ಶೇ. 20ರಷ್ಟು ಜಾಸ್ತಿ ಎಂದು ಕಂಡುಬಂತು. ಬೋಧನೆ ಬೇರೆ, ಮಾತುಕತೆ ಬೇರೆ. "ಕೊಡಬೇಕು ಕಣೋ" ಎನ್ನುವುದು ಬೋಧನೆ. "ಈ ತಿಂಗಳು ಈ ಆಸ್ಪತ್ರೆಗೆ ಇಷ್ಟು ಕಳಿಸಿದೆ. ಯಾಕೆ ಗೊತ್ತಾ? ನಿನ್ನ ಅಜ್ಜಿಗೆ ಹುಷಾರಿಲ್ಲದಾಗ ಅಂಥ ಕಡೆಯೇ ನೋಡಿಕೊಂಡಿದ್ದು" ಎನ್ನುವುದು ಮಾತುಕತೆ.

ಹಾಗಾಗಿ ಮುಂದಿನ ಸಲ ಫೋನಿನಲ್ಲಿ ದೇಣಿಗೆ ಕಳಿಸುವಾಗ ಮಗುವನ್ನು ಪಕ್ಕಕ್ಕೆ ಕರೆಯಿರಿ. ಮೊತ್ತ ಅವರೇ ಒತ್ತಲಿ. ಯಾರಿಗೆ, ಯಾಕೆ ಅಂತ ಎರಡೇ ಮಾತು ಹೇಳಿ. ಅಷ್ಟು ಸಾಕು.

ಹೆಜ್ಜೆ 2: ಅವರದೇ ದುಡ್ಡು ಅವರ ಕೈಲಿರಲಿ

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ, ಇನ್ನೂ ಎರಡು ವರ್ಷ ತುಂಬದ ಮಕ್ಕಳ ಮೇಲೆ ಒಂದು ಪುಟ್ಟ ಪ್ರಯೋಗ ಮಾಡಿದರು. ಮಗುವಿಗೆ ಒಂದಿಷ್ಟು ತಿಂಡಿ ಕೊಟ್ಟರು. ಎದುರಿಗೆ ಒಂದು ಬೊಂಬೆ, ಅದಕ್ಕೂ ತಿಂಡಿ ಇಷ್ಟ. ಒಂದು ಸಲ ಎಲ್ಲಿಂದಲೋ ಸಿಕ್ಕ ತಿಂಡಿಯನ್ನು ಬೊಂಬೆಗೆ ಕೊಡಲು ಹೇಳಿದರು, ಇನ್ನೊಂದು ಸಲ ಮಗುವಿನ ಸ್ವಂತ ಬಟ್ಟಲಿಂದ. ಮಕ್ಕಳ ಮುಖದ ಖುಷಿಯನ್ನು ಅಳೆದು ನೋಡಿದರೆ, ತಾನು ತಿಂಡಿ ಪಡೆದಾಗಿನದಕ್ಕಿಂತ ಕೊಟ್ಟಾಗಲೇ ಖುಷಿ ಜಾಸ್ತಿ. ಅದರಲ್ಲೂ ತನ್ನ ಬಟ್ಟಲಿಂದ ಕೊಟ್ಟಾಗ ಇನ್ನೂ ಜಾಸ್ತಿ.

ನನ್ನ ಕವರ್ ಸೋತದ್ದು ಇಲ್ಲೇ. ಅದು ಅವಳ ಬಟ್ಟಲಿನದಾಗಿರಲಿಲ್ಲ.

ಐದಾರು ವರ್ಷ ಆದಮೇಲೆ, ನಾಣ್ಯ ಎಣಿಸಲು ಬಂದಾಗ, ಮೂರು ಡಬ್ಬಿಗಳನ್ನು ಮಾಡಿಕೊಡಿ: ಖರ್ಚಿಗೆ, ಉಳಿತಾಯಕ್ಕೆ, ಕೊಡುವುದಕ್ಕೆ. ಗಾಜಿನದಾದರೆ ಒಳ್ಳೇದು, ಏರುವುದು ಕಾಣುತ್ತದೆ. ಮಣ್ಣಿನ ಹುಂಡಿಯಾದರೆ ಒಡೆಯುವ ದಿನದವರೆಗೂ ಒಳಗೇನಿದೆ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಮಗುವಿನ ಆಸಕ್ತಿ ಹಾರಿ ಹೋಗಿರುತ್ತದೆ.

ಯಾವ ಡಬ್ಬಿಗೆ ಎಷ್ಟು ಎಂಬುದನ್ನು ಮಗುವೇ ಹೇಳಲಿ. ಒಂದೇ ನಿಯಮ: ಯಾವ ಡಬ್ಬಿಯೂ ಪೂರ್ತಿ ಖಾಲಿ ಇರಬಾರದು.

ನಮ್ಮ ಮನೆಯಲ್ಲಿ ಮೊದಲ ಸಲ ಹೀಗಾಯಿತು. ಮಗಳು ನೆಲದ ಮೇಲೆ ಕಾಲು ಚಾಚಿ ಕೂತು ಹತ್ತು ನಾಣ್ಯ ಹರಡಿಕೊಂಡಳು. ಐದನ್ನು ಖರ್ಚಿಗೆ ಎಳೆದುಕೊಂಡಳು. ಎರಡು ಉಳಿತಾಯಕ್ಕೆ. ಮೂರು ಕೊಡುವ ಡಬ್ಬಿಗೆ. ಒಂದು, ಎರಡು, ಮೂರು, ಟಣ್ ಟಣ್ ಅಂತ ಬಿದ್ದವು. ಆಮೇಲೆ ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದಳು. ನನ್ನ ಮುಖ ನೋಡಿದಳು. ಕೈ ಹಾಕಿ ಒಂದು ನಾಣ್ಯ ವಾಪಸ್ ತೆಗೆದು ಖರ್ಚಿನ ಡಬ್ಬಿಗೆ ಹಾಕಿಕೊಂಡಳು.

ನಾಲಿಗೆ ತುದಿಯಲ್ಲಿ ಮಾತು ಬಂದಿತ್ತು, ನುಂಗಿಕೊಂಡೆ. ಈಗ ಅನ್ನಿಸುತ್ತದೆ, ಆ ದಿನ ನಾನು ಮಾಡಿದ ಒಂದೇ ಒಳ್ಳೇ ಕೆಲಸ ಅದು. ವಾಪಸ್ ತೆಗೆದುಕೊಳ್ಳಬಹುದು ಎಂದು ಗೊತ್ತಿದ್ದೂ ಒಳಗೇ ಬಿಟ್ಟ ಎರಡು ನಾಣ್ಯ ಅವಳದೇ ಆದವು.

ಹೆಜ್ಜೆ 3: ಯಾರಿಗೆ ಎಂಬುದೂ ಅವರದೇ ಆಯ್ಕೆ

ಇಲ್ಲೇ ಹೆಚ್ಚಿನವರು ಎಡವುವುದು. ದುಡ್ಡು ಮಗುವಿನದು, ಆದರೆ ಎಲ್ಲಿಗೆ ಎಂದು ನಾವೇ ಹೇಳಿಬಿಡುತ್ತೇವೆ.

ಹಾಗಂತ ಚಿಕ್ಕ ಮಗುವನ್ನು ಕೂರಿಸಿ "ಲೋಕದಲ್ಲಿ ನಿನಗೆ ಯಾವ ಸಮಸ್ಯೆ ಮುಖ್ಯ?" ಅಂತ ಕೇಳಿದರೆ ಅದು ಕಣ್ಣು ಪಿಳಿಪಿಳಿ ಬಿಡುತ್ತದೆ. ಬೇರೆ ರೀತಿ ಕೇಳಿ. "ಈ ವಾರ ಯಾವುದನ್ನು ನೋಡಿ ನಿಂಗೆ ಬೇಜಾರಾಯ್ತು?" "ಯಾರಿಗಾದ್ರೂ ಅನ್ಯಾಯ ಆಯ್ತು ಅನ್ನಿಸ್ತಾ?" ಕಾಲು ಮುರಿದ ನಾಯಿ, ಪುಸ್ತಕ ಇಲ್ಲದ ಗೆಳೆಯ, ಟೀವಿಯಲ್ಲಿ ಕಂಡ ಪ್ರವಾಹ, ಏನೋ ಒಂದು ಹೊರಗೆ ಬರುತ್ತದೆ. ಅದಕ್ಕೆ ಹೊಂದುವ ಎರಡು ಮೂರು ಕಡೆ ನೀವು ಹುಡುಕಿಡಿ, ಅದರಲ್ಲಿ ಒಂದನ್ನು ಮಗು ಆರಿಸಲಿ. ಹತ್ತು ಹೆಸರು ಮುಂದಿಟ್ಟರೆ ಗೊಂದಲ, ಒಂದೇ ಇಟ್ಟರೆ ಅದು ನಿಮ್ಮ ಆಯ್ಕೆ.

ಮಗು ನಾಯಿಗಳಿಗೆ ಎಂದರೆ "ಮನುಷ್ಯರಿಗೇ ಇಲ್ಲ, ನಾಯಿಗೆ ಯಾಕೆ" ಎನ್ನಬೇಡಿ. ಆ ಒಂದು ಮಾತು ಬಾಗಿಲು ಮುಚ್ಚಿಬಿಡುತ್ತದೆ.

ಮಗುವಿನ ಆಯ್ಕೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಕೆನಡಾದ ರಯಾನ್ ಹ್ರೆಲ್ಯಾಕ್ ಒಳ್ಳೇ ಉದಾಹರಣೆ. 1998ರಲ್ಲಿ ಆರು ವರ್ಷದ ಅವನಿಗೆ ಕ್ಲಾಸಿನಲ್ಲಿ, ಆಫ್ರಿಕಾದ ಕೆಲವು ಕಡೆ ಮಕ್ಕಳು ನೀರಿಗಾಗಿ ಮೈಲಿಗಟ್ಟಲೆ ನಡೆಯುತ್ತಾರೆ ಎಂದು ಗೊತ್ತಾಯಿತು. 70 ಡಾಲರ್ ಇದ್ದರೆ ಬಾವಿ ಆಗುತ್ತದೆ ಎಂದುಕೊಂಡ. ಮನೆಯವರು ಸುಮ್ನೆ ದುಡ್ಡು ಕೊಟ್ಟುಬಿಡಲಿಲ್ಲ, ಮನೆಗೆಲಸ ಮಾಡಿ ಗಳಿಸು ಎಂದರು. ತಿಂಗಳುಗಟ್ಟಲೆ ಕೆಲಸ ಮಾಡಿ 70 ಡಾಲರ್ ಸೇರಿಸಿಕೊಂಡು ಬಾವಿಗೆ ನೆರವಾಗುವ ಸಂಸ್ಥೆಗೆ ಹೋದರೆ, ಅದು ಕೈಪಂಪಿಗೆ ಮಾತ್ರ ಆಗುತ್ತದೆ, ಬಾವಿಗೆ ಸುಮಾರು 2,000 ಡಾಲರ್ ಬೇಕು ಎಂದರು ಅಲ್ಲಿಯವರು! ಅವನು ಇನ್ನಷ್ಟು ಕೆಲಸಕ್ಕೆ ಇಳಿದ, ಸುತ್ತಲಿನವರೂ ಕೈಜೋಡಿಸಿದರು. 1999ರಲ್ಲಿ ಉತ್ತರ ಉಗಾಂಡಾದ ಒಂದು ಪ್ರಾಥಮಿಕ ಶಾಲೆಯ ಹತ್ತಿರ ಬಾವಿ ಆಯಿತು. ಅವನ ಹೆಸರಿನ ಸಂಸ್ಥೆ ಈಗಲೂ ನೀರಿನ ಕೆಲಸ ಮಾಡುತ್ತಿದೆ.

ಎಲ್ಲ ಮಕ್ಕಳೂ ಬಾವಿ ತೋಡಿಸಬೇಕಿಲ್ಲ. ನನಗೆ ಇದರಲ್ಲಿ ಇಷ್ಟವಾಗುವುದು ಅವನ ಅಪ್ಪ ಅಮ್ಮ. ಮಗ ತಪ್ಪು ಲೆಕ್ಕ ಹಿಡಿದು ಬಂದಾಗ ಅವರು ನಗಲಿಲ್ಲ, ಜೇಬಿನಿಂದ ಚೆಕ್ ಕೂಡ ತೆಗೆಯಲಿಲ್ಲ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ.

ಹೆಜ್ಜೆ 4: ಬಹುಮಾನ ಬೇಡ, ಬಲವಂತವೂ ಬೇಡ

"ನೀನು ಕೊಟ್ಟರೆ ನಿಂಗೆ ಚಾಕೊಲೇಟ್" ಎನ್ನುವುದು ಸುಲಭದ ದಾರಿ. ಆದರೆ ಅದು ತಿರುಗಿ ಹೊಡೆಯುತ್ತದೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ 2008ರಲ್ಲಿ 20 ತಿಂಗಳ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದರು. ದೊಡ್ಡವರ ಕೈಯಿಂದ ಜಾರಿಬಿದ್ದ ವಸ್ತುವನ್ನು ಅಷ್ಟು ಚಿಕ್ಕ ಮಕ್ಕಳೂ ಎತ್ತಿಕೊಡುತ್ತವೆ. ಹಾಗೆ ಎತ್ತಿಕೊಟ್ಟಿದ್ದಕ್ಕೆ ಆಟಿಕೆಯ ಬಹುಮಾನ ಪಡೆದ ಮಕ್ಕಳು, ಬಹುಮಾನ ನಿಂತಮೇಲೆ ಉಳಿದ ಮಕ್ಕಳಿಗಿಂತ ಕಡಿಮೆ ಸಹಾಯ ಮಾಡಿದವು. ಬರೀ ಬಾಯಿಮಾತಿನ ಹೊಗಳಿಕೆ ಪಡೆದವರಲ್ಲಿ ಹಾಗಾಗಲಿಲ್ಲ.

ಹಾಗಾಗಿ "ಒಳ್ಳೇ ಕೆಲಸ ಮಾಡಿದೆ" ಎನ್ನಿ, ಅಷ್ಟಕ್ಕೆ ಬಿಡಿ. "ಎಂಥ ದಾನಶೂರ ನನ್ನ ಮಗ!" ಎಂದು ನೆಂಟರೆದುರು ಮೆರೆಸಬೇಡಿ. ಮುಂದಿನ ಸಲ ಅವನು ಕೊಡುವುದು ನೆಂಟರಿಗಾಗಿ ಆಗುತ್ತದೆ.

ಬಲವಂತದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಕಿತ್ತುಕೊಂಡು ಕೊಡಿಸಿದ ಆಟಿಕೆಯನ್ನು ಯಾರು ತಾನೇ ಮರೆತಾರು? ದೊಡ್ಡವರಾದ ಮೇಲೂ ಕೆಲವರು ಅದನ್ನು ಹೇಳಿಕೊಳ್ಳುತ್ತಾರೆ.

ಹೆಜ್ಜೆ 5: ಹಳೇ ಸಾಮಾನು ಕೊಡುವಾಗ

ಮನೆ ಚೊಕ್ಕಟ ಮಾಡುವ ದಿನ ಗುಂಡಿ ಹೋದ ಅಂಗಿ, ಕಾಲು ಮುರಿದ ಗೊಂಬೆ, ಅರ್ಧ ಬಣ್ಣ ಹಚ್ಚಿದ ಪುಸ್ತಕ ಎಲ್ಲವನ್ನೂ ಚೀಲಕ್ಕೆ ತುಂಬಿ "ಪಾಪ, ಇಲ್ಲದವರಿಗೆ ಆಗುತ್ತೆ" ಎನ್ನುತ್ತೇವೆ. ಮಕ್ಕಳು ಇದರಿಂದ ಏನು ಕಲಿಯುತ್ತಾರೆ? ನಮಗೆ ಬೇಡದ್ದು ಅವರಿಗೆ ಸಾಕು ಎಂಬುದನ್ನು.

ಚೀಲಕ್ಕೆ ಹಾಕುವ ಮೊದಲು ಒಂದೇ ಪ್ರಶ್ನೆ ಇರಲಿ: "ಇದನ್ನು ನಿನ್ನ ಗೆಳತಿಗೆ ಕೊಡ್ತೀಯಾ?" ಹೌದು ಎಂದರೆ ಒಗೆದು, ಮಡಚಿ, ಗುಂಡಿ ಹೊಲಿದು ಇಡಿ. ಇಲ್ಲ ಎಂದರೆ ಅದು ಕಸ. ಕಸಕ್ಕೆ ದಾನದ ಹೆಸರು ಬೇಡ.

ಭೂಕಂಪ, ಪ್ರವಾಹಗಳಾದಾಗ ರಾಶಿ ರಾಶಿ ಬಟ್ಟೆ ಬಂದು ಬೀಳುತ್ತದೆ. ಅದನ್ನು ವಿಂಗಡಿಸಲು ಜನ ಬೇಕು, ಇಡಲು ಜಾಗ ಬೇಕು, ಸಾಗಿಸಲು ಲಾರಿ ಬೇಕು. ಪರಿಹಾರದ ಕೆಲಸ ಮಾಡುವವರು ಇದನ್ನು "ಎರಡನೇ ವಿಪತ್ತು" ಎಂದೇ ಕರೆಯುತ್ತಾರೆ. ಅಂಥ ಹೊತ್ತಿನಲ್ಲಿ ದುಡ್ಡೇ ಮೇಲು. ಏನು ಬೇಕೋ ಅದನ್ನು ಅಲ್ಲಿನವರೇ ಕೊಳ್ಳಬಹುದು. ಸ್ವಲ್ಪ ದೊಡ್ಡ ಮಕ್ಕಳಿಗೆ ಈ ವಿಷಯ ಬಿಡಿಸಿ ಹೇಳಿ, ಚೆನ್ನಾಗಿಯೇ ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನೊಂದು ಮಾತು, ಫೋಟೋ. ಕೈಚಾಚಿ ನಿಂತವರ ಜೊತೆ ನಗುತ್ತಾ ಪಟ ತೆಗೆಸಿಕೊಳ್ಳುವುದನ್ನು ಮಕ್ಕಳಿಗೆ ಕಲಿಸಲೇಬೇಡಿ. "ನಮಗೆ ಯಾರಾದ್ರೂ ಸಹಾಯ ಮಾಡುವಾಗ ಹೀಗೆ ಫೋಟೋ ತೆಗೆದರೆ?" ಎಂದು ಒಮ್ಮೆ ಕೇಳಿದರೆ ಸಾಕು.

ಹೆಜ್ಜೆ 6: ಹದಿಹರೆಯದವರ ಜೊತೆ ದಾರಿ ಬದಲಿಸಿ

ಹದಿಮೂರು ದಾಟಿದ ಮೇಲೆ ಗಾಜಿನ ಡಬ್ಬಿ ನಡೆಯುವುದಿಲ್ಲ. ಅಪ್ಪ ಅಮ್ಮ ಹೇಳಿದ್ದು ಎಂಬ ಒಂದೇ ಕಾರಣಕ್ಕೆ ಬೇಡವಾಗುವ ವಯಸ್ಸದು. ಈಗ ಅವರ ಮೂರು ಬಲಗಳನ್ನು ಬಳಸಿಕೊಳ್ಳಬೇಕು: ಗೆಳೆಯರು, ಸಿಟ್ಟು, ಮತ್ತು ಫೋನ್.

ಗೆಳೆಯರ ಬಲ ಗೊತ್ತೇ ಇದೆ. 2014ರ ಐಸ್ ಬಕೆಟ್ ಚಾಲೆಂಜ್ ನೆನಪಿಸಿಕೊಳ್ಳಿ. ತಲೆ ಮೇಲೆ ಐಸ್ ನೀರು ಸುರಿದುಕೊಂಡು, ಇನ್ನು ಕೆಲವರ ಹೆಸರು ಕೂಗಿ ಅವರಿಗೂ ಸವಾಲು ಹಾಕುವುದು. ಎಎಲ್‌ಎಸ್ ಎಂಬ ನರರೋಗಕ್ಕಾಗಿ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್ ಒಂದಕ್ಕೇ ಸುಮಾರು 11.5 ಕೋಟಿ ಡಾಲರ್ ಬಂತು. ಬರೀ ತಮಾಷೆ ಎಂದು ಮೂಗು ಮುರಿದವರು ಎಷ್ಟೋ ಜನ. ಆದರೆ ಆ ದುಡ್ಡಿನ ನೆರವಿನಿಂದಲೂ ನಡೆದ ಸಂಶೋಧನೆಯಲ್ಲಿ 2016ರಲ್ಲಿ ಆ ರೋಗಕ್ಕೆ ಸಂಬಂಧಿಸಿದ ಎನ್‌ಇಕೆ1 ಎಂಬ ಜೀನ್ ಪತ್ತೆಯಾಯಿತು. ಮುಂದಿನ ವರ್ಷ ಅಂಥ ಅಲೆ ಮತ್ತೆ ಏಳಲಿಲ್ಲ ಎಂಬುದೂ ನಿಜ. ಅಲೆ ಇಳಿಯುತ್ತದೆ. ಅಲೆ ಇದ್ದಾಗ ಒಳಗೆ ಬಂದ ಹುಡುಗ ಹುಡುಗಿಯರಲ್ಲಿ ನಾಲ್ಕು ಜನವಾದರೂ ಆಮೇಲೂ ಉಳಿಯುವಂತೆ ನೋಡಿಕೊಳ್ಳುವುದು ದೊಡ್ಡವರ ಕೆಲಸ.

ಸಿಟ್ಟು ಎಂದೆ. ಈ ವಯಸ್ಸಿನವರಿಗೆ ಕರುಣೆಗಿಂತ ಅನ್ಯಾಯದ ಮೇಲಿನ ಸಿಟ್ಟು ಬೇಗ ತಾಗುತ್ತದೆ. ಅದನ್ನು ತಣ್ಣಗೆ ಮಾಡಲು ಹೋಗಬೇಡಿ. "ಸರಿ, ಇದಕ್ಕೆ ಯಾರು ಏನು ಮಾಡ್ತಿದ್ದಾರೆ ನೋಡೋಣ್ವಾ?" ಎನ್ನಿ. ದುಡ್ಡಿಲ್ಲದಿದ್ದರೆ ಸಮಯ ಕೊಡಲಿ. ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಡುವುದು, ಸಣ್ಣ ಸಂಸ್ಥೆಗೆ ಪೋಸ್ಟರ್ ಮಾಡಿಕೊಡುವುದು, ಅಂಧರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವುದು. ವಾರಕ್ಕೆ ಒಂದು ಗಂಟೆ ಸಾಕು.

ಫೋನಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು, ಯಾಕೆಂದರೆ ಮೋಸವೂ ಅಲ್ಲೇ ಇದೆ. ಅಳುವ ಮಗುವಿನ ಚಿತ್ರ, "ಇವತ್ತೇ ಕೊನೆ ದಿನ", ಕೆಳಗೆ ಯಾರದೋ ಕ್ಯೂಆರ್ ಕೋಡ್. ಮಕ್ಕಳ ಜೊತೆ ಕೂತು ಇವನ್ನು ಪರೀಕ್ಷಿಸಿ:

- ದುಡ್ಡು ಹೋಗುವುದು ಸಂಸ್ಥೆಯ ಖಾತೆಗೋ, ವ್ಯಕ್ತಿಯ ಖಾತೆಗೋ?
- ಸಂಸ್ಥೆ ನೋಂದಣಿ ಆಗಿದೆಯಾ? ಸರ್ಕಾರಿ ದಾಖಲೆಯಲ್ಲಿ ಹೆಸರು ಸಿಗುತ್ತದಾ?
- ವಾರ್ಷಿಕ ವರದಿ, ಆಡಿಟ್ ಆದ ಲೆಕ್ಕ ಜನರಿಗೆ ಸಿಗುವಂತೆ ಇಟ್ಟಿದ್ದಾರಾ?
- ಆ ಚಿತ್ರವನ್ನು ಇಮೇಜ್ ಸರ್ಚ್‌ಗೆ ಹಾಕಿದರೆ ಹಳೇ, ಬೇರೆ ಯಾವುದೋ ಸುದ್ದಿಯದು ಎಂದು ಬರುತ್ತದಾ?
- ಯೋಚಿಸಲು ಒಂದು ದಿನ ಕೇಳಿದರೆ ಅವರು ಅವಸರ ಮಾಡುತ್ತಾರಾ?

ಕೊನೆಯದೇ ದೊಡ್ಡ ಸುಳಿವು. ನೆಟ್ಟಗಿರುವ ಸಂಸ್ಥೆಗೆ ನಾಳೆ ಬರುವ ದುಡ್ಡೂ ಬೇಕಾಗಿರುತ್ತದೆ.

ಹುಡುಗರು ಬೇಗ ಕೇಳುವ ಇನ್ನೊಂದು ಪ್ರಶ್ನೆ: "ಆಫೀಸ್ ಖರ್ಚಿಗೇ ಎಷ್ಟು ತಿಂತಾರೆ?" ಕೇಳಲಿ, ತಪ್ಪಿಲ್ಲ. ಆದರೆ ಅದೊಂದರ ಮೇಲೆಯೇ ತೀರ್ಪು ಕೊಡುವುದು ಸರಿಯಲ್ಲ. ಒಳ್ಳೇ ಕೆಲಸಗಾರರಿಗೆ ಸಂಬಳ ಬೇಕು, ಲೆಕ್ಕ ಇಡಲೂ ಯಾರಾದರೂ ಬೇಕು. ಅಮೆರಿಕದಲ್ಲಿ ದತ್ತಿ ಸಂಸ್ಥೆಗಳನ್ನು ತೂಗಿ ನೋಡುವ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಮೂರೂ ಸೇರಿ 2013ರಲ್ಲಿ ದಾನಿಗಳಿಗೆ ಬಹಿರಂಗ ಪತ್ರ ಬರೆದು ಇದನ್ನೇ ಹೇಳಿದವು. ಆಡಳಿತ ವೆಚ್ಚದ ಜೊತೆಗೆ ಕೆಲಸದ ಫಲ ಏನು ಎಂಬುದನ್ನೂ ಕೇಳಬೇಕು.

ಹೆಜ್ಜೆ 7: ಮೊದಲ ಸಂಬಳದ ತಿಂಗಳು

ಈ ತಿಂಗಳು ತಪ್ಪಿದರೆ ಮತ್ತೆ ಹಿಡಿಯುವುದು ಕಷ್ಟ. ಸಂಬಳ ಎಷ್ಟೇ ಏರಿದರೂ ಖರ್ಚು ಅದರ ಬೆನ್ನಿಗೇ ಏರುತ್ತದೆ. "ಉಳಿದರೆ ಕೊಡೋಣ" ಎಂದರೆ ಉಳಿಯುವುದೇ ಇಲ್ಲ.

ಸಂಬಳ ಬಂದ ಮರುದಿನವೇ ಒಂದು ಸಣ್ಣ ಮೊತ್ತ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಆಟೋ ಡೆಬಿಟ್ ಹಾಕಲಿ. ಮೊತ್ತಕ್ಕಿಂತ ಶೇಕಡಾ ಲೆಕ್ಕ ಒಳ್ಳೇದು, ಸಂಬಳ ಏರಿದಾಗ ಅದೂ ಏರುತ್ತದೆ. ಆಕ್ಸ್‌ಫರ್ಡಿನಲ್ಲಿ 2009ರಲ್ಲಿ ಶುರುವಾದ ಗಿವಿಂಗ್ ವಾಟ್ ವಿ ಕ್ಯಾನ್ ಎಂಬ ಸಂಸ್ಥೆಯ ಸದಸ್ಯರು ಆದಾಯದ ಶೇ. 10 ಕೊಡುತ್ತೇವೆಂದು ಮಾತು ಕೊಡುತ್ತಾರೆ. ಅಲ್ಲಿಂದಲೇ ಶುರು ಮಾಡಬೇಕು ಅಂತೇನಿಲ್ಲ. ಶೇ. 1ರಿಂದ ಶುರು ಮಾಡಿ ನಿಲ್ಲಿಸದೆ ಇದ್ದವರು, 10 ಎಂದು ಹೊರಟು ಮೂರನೇ ತಿಂಗಳಿಗೆ ಕೈಚೆಲ್ಲಿದವರಿಗಿಂತ ಮೇಲು. ಕ್ರೆಡಿಟ್ ಕಾರ್ಡ್ ಸಾಲ ಬಡ್ಡಿ ಸಮೇತ ಬೆಳೆಯುತ್ತಿದ್ದರೆ ಮೊದಲು ಅದನ್ನು ತೀರಿಸಲಿ. ಆ ಹೊತ್ತಿಗೆ ರಕ್ತ ಕೊಡಬಹುದು, ಸಮಯ ಕೊಡಬಹುದು. ಸಾಲ ಮಾಡಿ ದಾನ ಮಾಡು ಎಂದು ಯಾರೂ ಹೇಳಿಲ್ಲ.

ನಾಲ್ಕೈದು ಗೆಳೆಯರು ಸೇರಿ ತಿಂಗಳಿಗಿಷ್ಟು ಎಂದು ಒಟ್ಟು ಹಾಕಿ, ಆರು ತಿಂಗಳಿಗೊಮ್ಮೆ ಕೂತು ಯಾರಿಗೆ ಕೊಡಬೇಕೆಂದು ಮಾತಾಡುವುದು ಇನ್ನೂ ಚೆಂದ. ಅಲ್ಲಿ ನಡೆಯುವ ವಾದವೇ ಅರ್ಧ ಪಾಠ.

ಹೆಜ್ಜೆ 8: ಕೊಟ್ಟ ಮೇಲೆ ಏನಾಯಿತು ಎಂದು ನೋಡಿ

ಡಬ್ಬಿ ಖಾಲಿ ಮಾಡಿದ ದಿನಕ್ಕೇ ಕಥೆ ಮುಗಿಸಬೇಡಿ. ಸಂಸ್ಥೆಗೆ ಮಗುವೇ ಒಂದು ಕಾಗದ ಬರೆಯಲಿ, ಪ್ರಶ್ನೆ ಕೇಳಲಿ. ಹೋಗಿ ನೋಡುವಂಥ ಜಾಗವಾದರೆ ಮೊದಲೇ ಕೇಳಿಕೊಂಡು ಹೋಗಿ, ಮೃಗಾಲಯಕ್ಕೆ ಹೋದ ಹಾಗೆ ಅಲ್ಲ. ಅಲ್ಲಿ ಮಾಡಲು ಒಂದು ಕೆಲಸ ಇಟ್ಟುಕೊಂಡು ಹೋಗಿ.

ಕೆಲವು ಸಲ ಉತ್ತರ ಬರುವುದಿಲ್ಲ. ಕೆಲವು ಸಲ ಕೊಟ್ಟದ್ದು ಕೆಲಸಕ್ಕೆ ಬಂದಿರುವುದಿಲ್ಲ. ಆಗ ಸಮಾಧಾನಕ್ಕೆ ಸುಳ್ಳು ಹೇಳಬೇಡಿ. "ಈ ಸಲ ನಮ್ಮ ಆಯ್ಕೆ ಸರಿ ಇರಲಿಲ್ಲ, ಮುಂದಿನ ಸಲ ಏನು ನೋಡ್ಕೋಬೇಕು?" ಎಂದು ಜೊತೆಗೆ ಕೂತು ಯೋಚಿಸಿ.

ಹೀಗೆಲ್ಲ ಕಲಿಸಿದರೆ ಅದು ತಿರುಗಿ ನಿಮ್ಮ ಬಳಿಗೇ ಬರುತ್ತದೆ ಎಂಬುದಕ್ಕೆ ತಯಾರಿರಿ. ಮಗಳಿಗೆ ಈಗ ಹದಿನಾರು. ಹೋದ ತಿಂಗಳು ನಾನು ವರ್ಷಗಳಿಂದ ದುಡ್ಡು ಕಳಿಸುವ ಒಂದು ಸಂಸ್ಥೆಯ ವೆಬ್‌ಸೈಟ್ ತೆರೆದು ಕೂತಿದ್ದಳು. "ಅಮ್ಮಾ, ಇವರ ಕೊನೇ ವರದಿ ಮೂರು ವರ್ಷ ಹಳೇದು. ನೀನು ನೋಡೇ ಇಲ್ವಾ?" ಅಂದಳು. ನೋಡಿರಲಿಲ್ಲ. ಅವತ್ತೇ ಇಬ್ಬರೂ ಕೂತು ಅವರಿಗೆ ಮೇಲ್ ಬರೆದೆವು. ಉತ್ತರ ಇನ್ನೂ ಬಂದಿಲ್ಲ. ಇನ್ನು ಎರಡು ವಾರ ಕಾಯೋಣ ಎಂದು ನಾನು, ಒಂದೇ ವಾರ ಎಂದು ಅವಳು.